ಭಿಕ್ಷೆಗೆ ಬಂದವರ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ

ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್‌ನಲ್ಲಿ ಇಂದು ನಸುಕಿನಲ್ಲಿ ಕಂಡದ್ದು ಇನ್ನೂ ಮನಸ್ಸನ್ನು ಕುದಿಸುತ್ತಿದೆ. ಸಾಲಾಗಿ ಭಿಕ್ಷೆಗೆ ಬರುತ್ತಿದ್ದ ಬೌದ್ಧ ಭಿಕ್ಷುಗಳಿಗೆ ಅಡ್ಡ ನಿಂತ ಪ್ರವಾಸಿಯೊಬ್ಬರು ಒಬ್ಬ ಬಾಲಭಿಕ್ಷುವಿನ ಮುಖಕ್ಕೆ ಮೊಳದಷ್ಟು ದೂರದಿಂದ ಫ್ಲ್ಯಾಶ್ ಹೊಡೆದರು. ಹುಡುಗ ಒಮ್ಮೆ ಕಣ್ಣು ಕಿವುಚಿ, ತಲೆ ತಗ್ಗಿಸಿ ಮುಂದೆ ನಡೆದ. ಚಿತ್ರ ಸರಿಯಾಗಿ ಬರಲಿಲ್ಲವೋ ಏನೋ, ಅವರು ಅವನ ಹಿಂದೆಯೇ ಓಡಿದರು.

ನಮ್ಮಿಬ್ಬರನ್ನು ಬಲ್ಲವರಿಗೆ ನಮ್ಮ ತಿರುಗಾಟದ ರೀತಿ ಗೊತ್ತು. ಒಂದೂರಿಗೆ ಹೋದರೆ ಅಲ್ಲಿಯೇ ತಳವೂರಿ, ಬೆಳಗ್ಗೆ ಒಂದಿಷ್ಟು ನಡೆದು, ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಕುಳಿತು, ಸಂಜೆ ಮತ್ತೆ ನಡೆಯುವವರು ನಾವು. ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವಲ್ಲಿರುವ, 1995ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪುಟ್ಟ ಊರು ಅಂಥ ನಡಿಗೆಗೆ ಹೇಳಿ ಮಾಡಿಸಿದಂತಿದೆ. ಹಾಗೆ ನಿಧಾನವಾಗಿ ಇದ್ದುದರಿಂದಲೇ ತಕ್ ಬಾತ್ ಎಂಬ ಈ ಭಿಕ್ಷಾಚರಣೆಯನ್ನು ಒಳಗಿನ ಓಣಿಗಳಲ್ಲಿಯೂ ನೋಡುವುದು ನಮಗೆ ಸಾಧ್ಯವಾಯಿತು.

ಅಲ್ಲಿ ಸದ್ದೇ ಇಲ್ಲ. ಮನೆಯ ಹೆಂಗಸರು ಎಡ ಹೆಗಲಿನ ಮೇಲೆ ಅಡ್ಡವಸ್ತ್ರ ಹಾಕಿಕೊಂಡು, ಚಾಪೆಯ ಮೇಲೆ ಮಂಡಿಯೂರಿ, ಬಿದಿರಿನ ಬುಟ್ಟಿಯಿಂದ ಬಿಸಿಯಾದ ಅಂಟನ್ನವನ್ನು ಬೆರಳ ತುದಿಯಲ್ಲಿ ಚಿಕ್ಕ ಉಂಡೆ ಮಾಡಿ, ಬರಿಗಾಲಿನಲ್ಲಿ ಬರುವ ಪ್ರತಿಯೊಬ್ಬ ಭಿಕ್ಷುವಿನ ಪಾತ್ರೆಗೂ ಹಾಕುತ್ತಾರೆ. ಕೊಡುವವರೂ ಮಾತನಾಡುವುದಿಲ್ಲ, ಪಡೆಯುವವರೂ ಮಾತನಾಡುವುದಿಲ್ಲ. ಇದು ಪೂಜೆ. ಮುಖ್ಯ ಬೀದಿಯಲ್ಲಿ ಇದೇ ಪೂಜೆಯನ್ನು ವ್ಯಾನುಗಳಲ್ಲಿ ಬಂದಿಳಿದವರು ಮೆರವಣಿಗೆಯನ್ನು ನೋಡುವಂತೆ ನೋಡುತ್ತಾರೆ. ದೂರ ನಿಲ್ಲಿ, ಫ್ಲ್ಯಾಶ್ ಬಳಸಬೇಡಿ ಎಂದು ಊರಿನವರು ಫಲಕ ಹಾಕಿ ಬೇಡಿಕೊಂಡಿದ್ದರೂ ಓದುವ ವ್ಯವಧಾನ ಯಾರಿಗೂ ಇಲ್ಲ.

ನಾಮ್ ಖಾನ್ ಆಚೆಯ ಬಾನ್ ಸಾಂಗ್ ಖೋಂಗ್ ಹಳ್ಳಿಯಲ್ಲಿಯೂ ಇದನ್ನೇ ಕಂಡೆವು. ಹಿಪ್ಪುನೇರಳೆಯ ಜಾತಿಯ ಮರದ ತೊಗಟೆಯನ್ನು ಬೇಯಿಸಿ, ಜಜ್ಜಿ, ಆ ತಿರುಳನ್ನು ನೀರಿನಲ್ಲಿ ಮುಳುಗಿಸಿದ ಜಾಲರಿಯ ಮೇಲೆ ಹರಡಿ ಅಲ್ಲಿ ಕಾಗದ ಮಾಡುತ್ತಾರೆ. ಒಬ್ಬ ಹೆಂಗಸು ಹಸಿ ತಿರುಳಿನ ಮೇಲೆ ಒಂದೊಂದೇ ಎಲೆಯನ್ನೂ ಹೂವಿನ ಎಸಳನ್ನೂ ಜೋಡಿಸುತ್ತಿದ್ದರು. ಕೇಳದೆ ಹೇಳದೆ ಬಂದ ಗುಂಪೊಂದು ಅವರ ಭುಜದ ಮೇಲಿನಿಂದ ಮೊಬೈಲ್ ಚಾಚಿ, ಚಿತ್ರ ತೆಗೆದು, ಒಂದು ಹಾಳೆಯನ್ನೂ ಕೊಳ್ಳದೆ ಹೊರಟುಹೋಯಿತು. ಆ ಗುಂಪಿನಲ್ಲಿ ನಮ್ಮ ದೇಶದವರೂ ಇದ್ದರು ಎಂಬುದನ್ನು ಬರೆಯಲು ನನಗೆ ನೋವಾಗುತ್ತದೆ.

ಪ್ರವಾಸಿಗರಿಂದಲೇ ಈ ಊರಿನ ಹೊಟ್ಟೆ ತುಂಬುತ್ತದೆ, 2021ರ ಡಿಸೆಂಬರಿನಲ್ಲಿ ರೈಲು ಬಂದ ಮೇಲೆ ವ್ಯಾಪಾರ ಕುದುರಿದೆ, ಚಿತ್ರ ತೆಗೆದರೆ ಅವರು ಕಳೆದುಕೊಳ್ಳುವುದೇನು ಎಂದು ನೀವು ಕೇಳಬಹುದು. ಹಣದ ಮಾತು ನಿಜ. ಆದರೆ ಕೋಣೆಯ ಬಾಡಿಗೆ ಕೊಟ್ಟವರಿಗೆ ಕೋಣೆಯ ಮೇಲೆ ಹಕ್ಕಿದೆ, ಬೀದಿಯಲ್ಲಿ ಮಂಡಿಯೂರಿದವರ ಭಕ್ತಿಯ ಮೇಲೆ ಇಲ್ಲ. ತಲೆಯ ಮೇಲೆ ಸೆರಗು ಹೊದ್ದು, ಮೊರದಲ್ಲಿ ಜೋಳ ತಂದು ಜಂಗಮರ ಜೋಳಿಗೆಗೆ ನೀಡುತ್ತಿದ್ದ ತಾಯಿಯನ್ನು ನೋಡಿ ಬೆಳೆದವಳು ನಾನು. ಆ ಹೊತ್ತಿನಲ್ಲಿ ಯಾರಾದರೂ ನಮ್ಮ ಹೊಸ್ತಿಲಿಗೆ ಬಂದು ಅವ್ವನ ಮುಖಕ್ಕೆ ಕ್ಯಾಮೆರಾ ಹಿಡಿದಿದ್ದರೆ ನಮ್ಮ ಮನೆಯವರು ಸುಮ್ಮನಿರುತ್ತಿರಲಿಲ್ಲ. ಇಲ್ಲಿಯವರು ಸುಮ್ಮನಿರುವುದು ಅವರ ಸೌಜನ್ಯ, ಅದನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ.

ತಕ್ ಬಾತ್ ಚಿತ್ರ ಎಲ್ಲಿಂದ ಚೆನ್ನಾಗಿ ಬರುತ್ತದೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ರಸ್ತೆಯ ಆಚೆ ಬದಿಯಲ್ಲಿ, ಗೋಡೆಗೆ ಒತ್ತಿ, ಹೆಗಲು ಮತ್ತು ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟು, ಫ್ಲ್ಯಾಶ್ ಆರಿಸಿ ನಿಲ್ಲಿ. ಅಲ್ಲಿಂದ ಎಷ್ಟು ಬರುತ್ತದೆಯೋ ಅಷ್ಟು ಬರಲಿ.