ನೆಲ ಎಷ್ಟು ನಡುಗೀತು? ಒಂದೇ ಅಂಕಿ ಸಾಲದು

ನ್ಯೂಜಿಲೆಂಡಿಗೆ ಬರುವ ಮುಂಚೆ ನನ್ನ ಪಾಲಿಗೆ ಭೂಕಂಪದ ಲೆಕ್ಕ ಅಂದರೆ ಒಂದು ನಕ್ಷೆ, ಒಂದು ಅಂಕಿ. ಕಟ್ಟಡ ಯಾವ ವಲಯದಲ್ಲಿದೆ ನೋಡುತ್ತಿದ್ದೆವು. ಭಾರತದ ಭೂಕಂಪ ವಿನ್ಯಾಸದ ಸಂಹಿತೆ ಐಎಸ್ 1893ರಿಂದ ಝೋನ್ ಫ್ಯಾಕ್ಟರ್, ಅಂದರೆ ಆ ವಲಯದಲ್ಲಿ ನೆಲ ಎಷ್ಟು ಜೋರಾಗಿ ನಡುಗಬಹುದು ಅನ್ನುವ ಅಂಕಿ, ತೆಗೆದುಕೊಳ್ಳುತ್ತಿದ್ದೆವು. ಎರಡನೇ ವಲಯಕ್ಕೆ 0.10, ಐದನೆಯದಕ್ಕೆ 0.36. ಇಷ್ಟು ನಡುಕ ಎಷ್ಟು ವರ್ಷಕ್ಕೊಮ್ಮೆ ಬರಬಹುದು ಅಂತ ನಾವು ಕೇಳುತ್ತಿರಲಿಲ್ಲ. ಆ ಅಂಕಿಗಳೂ ಅದನ್ನು ಹೇಳುತ್ತಿರಲಿಲ್ಲ.

ಇಲ್ಲಿ ಒಂದು ಸೈಟಿನ ನಡುಕದ ಅಂದಾಜಿನ ಬಗ್ಗೆ ಬರೆದ ನನ್ನ ಮೊದಲ ವರದಿ ಪರಿಶೀಲನೆಗೆ ಹೋದಾಗ ಬಂದ ಮೊದಲ ಪ್ರಶ್ನೆಯೇ ಬೇರೆ: ಈ ಅಂಕಿ ಎಷ್ಟರ ಮಟ್ಟಿಗೆ ತಪ್ಪಿರಬಹುದು? ನನ್ನ ಬಳಿ ಉತ್ತರ ಇರಲಿಲ್ಲ.

ಹಾಗಂತ ಇಲ್ಲಿನವರ ನಕ್ಷೆ ಎಲ್ಲವನ್ನೂ ಮೊದಲೇ ಹೇಳಿತ್ತು ಅಂತಲ್ಲ. 2010ರ ಸೆಪ್ಟೆಂಬರಿನಲ್ಲಿ ಕ್ಯಾಂಟರ್ಬರಿ ಬಯಲಿನ ಜಲ್ಲಿಯಡಿ ಅಡಗಿದ್ದ, ಅದುವರೆಗೆ ಯಾರೂ ಗುರುತಿಸದ ಫಾಲ್ಟ್ (ನೆಲದಾಳದ ಬಂಡೆಯ ಬಿರುಕು) ಒಂದು ಸೀಳಿತು. ಐದು ತಿಂಗಳ ನಂತರ, 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್ ನಡುಗಿ 185 ಜನ ಸತ್ತರು. ಆಮೇಲೆ ವಿನ್ಯಾಸಕ್ಕೆ ಬಳಸುವ ಆ ಊರಿನ ಅಂಕಿಯನ್ನು 0.22ರಿಂದ 0.3ಕ್ಕೆ ಏರಿಸಿದರು. ಮಹಾರಾಷ್ಟ್ರದ ಕಿಲ್ಲಾರಿಯಲ್ಲೂ ಹೀಗೇ ಆಗಿತ್ತು. 1993ರಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ನೆಲ ಆಗ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಮೂರನೆಯದಕ್ಕೆ ಬಂತು. ಎರಡೂ ಕಡೆ ಮೊದಲು ಭೂಕಂಪ, ಆಮೇಲೆ ನಕ್ಷೆ.

ಇದರಲ್ಲಿ ಆಶ್ಚರ್ಯವಿಲ್ಲ. ಉಪಕರಣಗಳ ದಾಖಲೆ ನಮ್ಮ ಬಳಿ ಇರುವುದು ನೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೇಳುತ್ತಿರುವುದು ಸರಾಸರಿ 475 ವರ್ಷಕ್ಕೊಮ್ಮೆ, 2475 ವರ್ಷಕ್ಕೊಮ್ಮೆ ಬರುವ ನಡುಕವನ್ನು. 475 ಅಂದರೆ ಅಷ್ಟು ವರ್ಷ ನಿಶ್ಚಿಂತೆ ಅಂತ ಎಷ್ಟೋ ಜನ ಓದುತ್ತಾರೆ. ನಿಜದಲ್ಲಿ ಅದು, 50 ವರ್ಷದಲ್ಲಿ ಆ ಮಟ್ಟ ಮೀರುವ ಸಾಧ್ಯತೆ ಶೇ. 10 ಅನ್ನುವ ಮಾತು. ಆ 50 ವರ್ಷ ನಾಳೆಯಿಂದಲೇ ಶುರು, ಅಲ್ವಾ? ಇನ್ನು ಅದೇ ತೀವ್ರತೆ, ಅದೇ ದೂರ, ಅದೇ ಬಗೆಯ ಮಣ್ಣು ಇದ್ದರೂ ನಡುಕ ಅಂದಾಜಿನ ಎರಡು ಪಟ್ಟು ಆಗಬಹುದು, ಅರ್ಧವೂ ಆಗಬಹುದು. ಇಷ್ಟೆಲ್ಲ ಗೊತ್ತಿದ್ದೂ ವರದಿಯಲ್ಲಿ 0.184 ಅಂತ ಮೂರು ದಶಮಾಂಶ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ನನಗೆ ಮೆಚ್ಚುಗೆಯಾದದ್ದು ತಪ್ಪಿನ ಆಮೇಲಿನ ಕೆಲಸ. 2016ರ ಕೈಕೋರಾ ಭೂಕಂಪದಲ್ಲಿ ಇಪ್ಪತ್ತಕ್ಕೂ ಹೆಚ್ಚು ಫಾಲ್ಟ್‌ಗಳು ಒಟ್ಟಿಗೆ ಸೀಳಿದವು. ಒಂದೊಂದೇ ಫಾಲ್ಟ್ ಬೇರೆಬೇರೆಯಾಗಿ ಸೀಳುತ್ತದೆ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ಭೂಕಂಪದ ಅಪಾಯ ಅಂದಾಜಿಸುವ ಇಲ್ಲಿನ 2022ರ ರಾಷ್ಟ್ರೀಯ ಮಾದರಿಯಲ್ಲಿ ಹಲವು ಫಾಲ್ಟ್ ಸೇರಿ ಸೀಳುವುದಕ್ಕೂ ಜಾಗವಿದೆ. ಒಂದಕ್ಕೊಂದು ಒಪ್ಪದ ಊಹೆಗಳನ್ನು ಕಿತ್ತುಹಾಕದೆ, ಪ್ರತಿಯೊಂದಕ್ಕೂ ತೂಕ ಕೊಟ್ಟು ಲಾಜಿಕ್ ಟ್ರೀಯಲ್ಲಿ, ಅಂದರೆ ಊಹೆಗೊಂದು ಕವಲಿರುವ ಲೆಕ್ಕದ ಮರದಲ್ಲಿ, ಇಟ್ಟಿದ್ದಾರೆ. ಉತ್ತರ ಬರುವುದು ಒಂದು ಹರವಿನಲ್ಲಿ. ಬಹಳ ಕಡೆ ಅಪಾಯದ ಅಂದಾಜು ಏರಿತು, ಅದನ್ನು ಮುಚ್ಚಿಡಲಿಲ್ಲ.

ಭಾರತದಲ್ಲಿ ಈ ಲೆಕ್ಕ ಬಲ್ಲವರಿಗೆ ಕೊರತೆಯಿಲ್ಲ. ಇಡೀ ದೇಶಕ್ಕೆ ಸಂಭವನೀಯತೆಯ ನಕ್ಷೆ ಮಾಡಿದವರೂ ಇದ್ದಾರೆ. ಆದರೆ ಸೈಟಿನ ವರದಿ ವಿನ್ಯಾಸಕಾರನ ಮೇಜಿಗೆ ಬರುವಾಗ ಅನುಮಾನಗಳೆಲ್ಲ ಸೋರಿಹೋಗಿ ಒಂದೇ ಅಂಕಿ ಉಳಿದಿರುತ್ತದೆ. ಹೋದ ತಿಂಗಳು ಅಲ್ಲಿನ ಗೆಳೆಯನೊಬ್ಬ ಅಂಥದ್ದೇ ವರದಿ ಕಳಿಸಿ, "ಒಂದ್ಸಲ ನೋಡಪ್ಪ" ಅಂದ. ಅಂದಾಜಿನ ಹರವಿನ ಕೆಳಗಿನ, ಮೇಲಿನ ಅಂಚು ತೋರಿಸುವ ಶೇ. 16 ಮತ್ತು ಶೇ. 84ರ ಗೆರೆಗಳನ್ನೂ ಹಾಕಿಸು, ಯಾವ ಫಾಲ್ಟನ್ನು ಯಾಕೆ ಬಿಟ್ಟರು ಅಂತ ಬರೆಸು ಅಂದೆ. ಅವನು ಅದನ್ನು ವರದಿ ಬರೆದವರಿಗೆ ವಾಪಸ್ ಕಳಿಸಿದ್ದಾನೆ.