ಫುಟ್‌ಫಾಲ್ ಇದೆ, ಕಾಲಿಲ್ಲ

ನಮ್ಮ ಕಂಪನಿ ಕಾಫಿಪುಡಿ ಮಾರುತ್ತದೆ. ಹೆಸರು ಬೇಡ, ನನ್ನ ಇಎಂಐ ಇನ್ನೂ ಮುಗಿದಿಲ್ಲ. ಒಂದು ಸೋಮವಾರ ನಮ್ಮ ಎಂಡಿ ಸಾಹೇಬರಿಗೆ ಪುಡಿ ಮಾರಿದ್ದು ಸಾಕು, ಇನ್ನು ಕಾಫಿಯನ್ನೇ ಲೋಟಕ್ಕೆ ಸುರಿದು ಮಾರೋಣ ಅನ್ನಿಸಿತು. ಅನ್ನಿಸಿದ್ದು ಸ್ನಾನ ಮಾಡುವಾಗಂತೆ. ಮೀಟಿಂಗಿನಲ್ಲಿ ಹಾಗೆ ಹೇಳುವಂತಿಲ್ಲವಲ್ಲ. "ನಮ್ಮದು ಡೇಟಾ ನೋಡಿ ನಡೆಯುವ ಕಂಪನಿ. ಅಂಗಡಿ ಎಲ್ಲಿ ಹಾಕಬೇಕು ಅಂತ ಡೇಟಾನೇ ಹೇಳಲಿ" ಅಂದರು. ಅಂದು ನನ್ನ ಕಡೆ ತಿರುಗಿದರು.

ನಾನು ಅಲ್ಲಿ ಅನಲಿಸ್ಟ್. ಈ ಕೆಲಸ ಏನು ಅಂತ ಊರಲ್ಲಿ ನಮ್ಮ ದೊಡ್ಡಮ್ಮನಿಗೆ ತಿಳಿಸಿ ಹೇಳಲು ಬಹಳ ಒದ್ದಾಡಿದ್ದೇನೆ. ಕೊನೆಗೆ ದೇವರನ್ನು ತಂದೆ. ನಮ್ಮೂರ ಗುಡಿಯಲ್ಲಿ ಹೂ ಕೇಳುತ್ತಾರಲ್ಲ, ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಡೇಟಾ ದೇವರು, ನಾನು ಪೂಜಾರಿ. "ಹಂಗಾದ್ರೆ ಒಳ್ಳೆ ಕೆಲ್ಸನೇ ಬಿಡು" ಅಂದಳು ದೊಡ್ಡಮ್ಮ. ಆಮೇಲೆ ಎಲೆ ಅಡಿಕೆ ಜಗಿಯುತ್ತಾ, "ಗೌಡ್ರ ಮನೇವ್ರು ಬರೋ ದಿವ್ಸ ನಮ್ಮ ಪೂಜಾರಿ ಬಲಗಡೆ ಹೂವನ್ನ ಸಡಿಲವಾಗೇ ಸಿಗ್ಸಿರ್ತಾನೆ ಕಣೋ" ಅಂತ ಸೇರಿಸಿದಳು. ನಾನು ಮಾತು ಬದಲಾಯಿಸಿದೆ.

ಸ್ಟ್ರಾಟೆಜಿ ಅಂದ ಮೇಲೆ ಕನ್ಸಲ್ಟೆಂಟ್ ಬರಬೇಕು. ಬಂದರು. ಪಿಪಿಟಿ ತೆರೆದರು. ಮೊದಲ ಸ್ಲೈಡೇ ಕೊಡಾಕ್, ಕ್ಯಾಮೆರಾ ಫಿಲ್ಮಿಗೆ ಹೆಸರಾದ ಕಂಪನಿ. ಬೆಂಗಳೂರಿನ ಕಂಪನಿಗಳಲ್ಲಿ ಕೊಡಾಕ್ ಕಥೆ ಸತ್ಯನಾರಾಯಣನ ಕಥೆ ಇದ್ದ ಹಾಗೆ. ಎಲ್ಲರೂ ಭಕ್ತಿಯಿಂದ ಕೂತಿರುತ್ತಾರೆ, ಕಣ್ಣು ಮಾತ್ರ ಸಪಾದ ಭಕ್ಷ್ಯದ ಕಡೆ. ನಮ್ಮಲ್ಲಿ ಸಮೋಸ. ಕಥೆ ಹೀಗಿದೆ. 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಕೊಡಾಕ್‌ನದೇ ಎಂಜಿನಿಯರ್ ಸ್ಟೀವನ್ ಸ್ಯಾಸನ್. 1981ರಲ್ಲಿ ಕಂಪನಿಯದೇ ಒಂದು ಅಧ್ಯಯನ, ಫಿಲ್ಮ್‌ಗೆ ಇನ್ನು ಹತ್ತು ವರ್ಷ ಭಯವಿಲ್ಲ, ಅಷ್ಟರಲ್ಲಿ ತಯಾರಾಗಿ ಅಂದಿತ್ತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಆದ್ದರಿಂದ ಎಲ್ಲರೂ ಮಾಹಿತಿ ಕಲೆಹಾಕಬೇಕು, ಅದಕ್ಕೆ ನಮ್ಮ ಹತ್ತಿರ ಮೂರು ಥರದ ಪ್ಯಾಕೇಜ್ ಇದೆ ಅಂದರು ಕನ್ಸಲ್ಟೆಂಟರು.

ಅಲ್ಲ ಸ್ವಾಮಿ, ಕೊಡಾಕ್‌ಗೆ ಮಾಹಿತಿ ಎಲ್ಲಿ ಕಮ್ಮಿಯಿತ್ತು? ಕ್ಯಾಮೆರಾ ಮನೆಯಲ್ಲೇ ಇತ್ತು, ರಿಪೋರ್ಟು ಮೇಜಿನ ಮೇಲೇ ಇತ್ತು. ಇದನ್ನು ಕೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಸಮೋಸ ಬಂತು.

ಪ್ಯಾಕೇಜಿನ ಹೆಸರು ಬಿಸಿನೆಸ್ ಇಂಟೆಲಿಜೆನ್ಸ್. ಹೊಸ ಮಾತೇನಲ್ಲ. 1958ರಲ್ಲೇ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಈ ಬಗ್ಗೆ ಬರೆದಿದ್ದ. ಯಾರಿಗೆ ಯಾವ ಮಾಹಿತಿ ಬೇಕೋ ಅದು ಯಂತ್ರದ ಮೂಲಕ ಅವರಿಗೆ ತಾನಾಗೇ ತಲುಪಬೇಕು ಅನ್ನುವುದು ಅವನ ಆಸೆ. ಈಗ ತಲುಪುತ್ತದೆ. ಸಿಸಿಯಲ್ಲಿರುವ 43 ಜನರಿಗೂ ತಲುಪುತ್ತದೆ.

ಇನ್ನು ಮ್ಯಾಪು. ನಮ್ಮ ಫೋನು ಎಲ್ಲಿ, ಎಷ್ಟು ಹೊತ್ತು ಇತ್ತು ಅನ್ನುವ ಲೆಕ್ಕವನ್ನು ಮಾರುವವರಿದ್ದಾರೆ. ಸುಮ್ನೆ ಟಾರ್ಚ್ ಬೆಳಗಲಿ ಅಂತ ಹಾಕಿಕೊಂಡ ಆಪ್‌ಗೂ ಲೊಕೇಶನ್ ಕೊಟ್ಟು ಕೂತಿರುತ್ತೇವಲ್ಲ, ಅದರ ಫಲ. ಕನ್ಸಲ್ಟೆಂಟರು ಆ ಲೆಕ್ಕ ಕೊಂಡು ತಂದರು. ಕಾಲಿಟ್ಟವರ ಎಣಿಕೆಗೆ ಅವರ ಭಾಷೆಯಲ್ಲಿ ಫುಟ್‌ಫಾಲ್, ನಿಂತ ಹೊತ್ತಿಗೆ ಡ್ವೆಲ್ ಟೈಮ್. ಗೋಡೆಯ ಮೇಲೆ ಇಡೀ ಬೆಂಗಳೂರು ಹರಡಿಕೊಂಡಿತು. ಜನ ಇರುವ ಕಡೆ ಕೆಂಪು. ಗಾಂಧಿ ಬಜಾರ್ ಕೆಂಪು. ಮಲ್ಲೇಶ್ವರದ 8ನೇ ಕ್ರಾಸ್ ಕೆಂಪು. ಮೆಜೆಸ್ಟಿಕ್ ಇನ್ನೂ ಕೆಂಪು. ಆದರೆ ಊರಿನ ದಕ್ಷಿಣದಲ್ಲಿ ಒಂದು ಜಾಗ ಮಾತ್ರ ಮಾರಮ್ಮನ ಹಣೆಯ ಕುಂಕುಮದ ಹಾಗೆ ಉರಿಯುತ್ತಿತ್ತು. ಅಲ್ಲಿಗೆ ಬಂದವರು ಒಂದು ಕಾಫಿ ಕುಡಿದು, ಪೇಪರ್ ಓದಿ, ಪಕ್ಕದವರ ಮಗಳ ಮದುವೆ ವಿಚಾರಿಸುವಷ್ಟು ಹೊತ್ತು ಕದಲುತ್ತಿರಲಿಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಇನ್ನೊಂದು ಸಲ, ವಾರಕ್ಕೆ ಐದು ದಿನ ಅದೇ ಜನ. ಕನ್ಸಲ್ಟೆಂಟರು ಕುರ್ಚಿ ಬಿಟ್ಟು ಎದ್ದರು.

"ಡ್ವೆಲ್ ಟೈಮ್ ನೋಡಿ ಸರ್! ಲಾಯಲ್ಟಿ ನೋಡಿ! ಈ ಫುಟ್‌ಫಾಲ್ ಯಾವ ಮಾಲ್‌ಗೂ ಇಲ್ಲ!"

ಆ ಜಾಗ ಸಿಲ್ಕ್ ಬೋರ್ಡ್ ಸಿಗ್ನಲ್.

ಬೆಂಗಳೂರಿನವರಿಗೆ ಇಷ್ಟು ಸಾಕು. ಬೇರೆ ಊರಿನವರಿಗಾಗಿ ಎರಡು ಮಾತು. ಹೊಸೂರು ರಸ್ತೆ ಮತ್ತು ಹೊರ ವರ್ತುಲ ರಸ್ತೆ ಸೇರುವ ಜಾಗ ಇದು. 1948ರಲ್ಲಿ ಶುರುವಾದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಅಲ್ಲಿರುವುದರಿಂದ ಆ ಹೆಸರು. ಈಗ ಆ ಹೆಸರು ಕೇಳಿದರೆ ಯಾರಿಗೂ ಸೀರೆ ನೆನಪಾಗುವುದಿಲ್ಲ, ಕ್ಲಚ್ ನೆನಪಾಗುತ್ತದೆ. ಮ್ಯಾಪಿನಲ್ಲಿ ಕಂಡ ಜನ ಅಷ್ಟೂ ನಿಜ, ನಿಂತ ನಿಮಿಷ ಅಷ್ಟೂ ನಿಜ. ಫುಟ್‌ಫಾಲ್ ಅನ್ನುವುದಕ್ಕೆ ಬೇಕಾದ ಕಾಲು ಮಾತ್ರ ಬ್ರೇಕಿನ ಮೇಲಿತ್ತು.

ನಿನಗೆ ಗೊತ್ತಿರಲಿಲ್ಲವಾ ಅಂತ ಕೇಳಬಹುದು. ಗೊತ್ತಿತ್ತು. ದಿನಾ ಅದೇ ಕುಂಕುಮದೊಳಗೆ ಒಂದು ಚುಕ್ಕೆಯಾಗಿ ಆಫೀಸಿಗೆ ಬರುವವನು ನಾನು. ಆದರೆ ನಮ್ಮಲ್ಲಿ ಸಂಬಳ ಏರಿಸುವ ಅಪ್ರೈಸಲ್ ಮಾರ್ಚಿನಲ್ಲಿ. ಆಗ ಫೆಬ್ರವರಿ.

ರಿಪೋರ್ಟಿಗೆ ಸುತ್ತಮುತ್ತಲಿನ ಜನಸಂಖ್ಯೆ ಬೇಕಿತ್ತು. ತೆಗೆದರೆ 2011ರ ಜನಗಣತಿ. ಆಗ ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 96 ಲಕ್ಷ ಜನ. ಆ ಗಣತಿಯವರು ಮನೆ ಮನೆ ಸುತ್ತಿದ್ದು ಫೆಬ್ರವರಿಯಲ್ಲಿ. ಊರಿನ ಮೊದಲ ಮೆಟ್ರೋ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಅಂದರೆ ನಮ್ಮ ಹತ್ತಿರ ಇರುವುದು ಮೆಟ್ರೋಗಿಂತ ಹಿಂದಿನ ಬೆಂಗಳೂರಿನ ತಲೆ ಎಣಿಕೆ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದೆ ಹೋಗಿ 2027ಕ್ಕೆ ಬಂದು ನಿಂತಿದೆ. ನಾವೊಬ್ಬರೇ ಹೀಗೆ ಅಂದುಕೊಂಡು ನಾಚಿಕೆಪಡುವ ಅಗತ್ಯವಿಲ್ಲ. ಇಡೀ ಊರಿನ ಮಾಸ್ಟರ್ ಪ್ಲಾನ್ ಹೆಸರೇ 2015, 2007ರಲ್ಲಿ ಒಪ್ಪಿಗೆಯಾದದ್ದು. 2031ರದ್ದು ಅಂತ ಇನ್ನೊಂದು ಮಾಡಲು ಹೋಗಿ ಕೈಬಿಟ್ಟರು. ಊರಿಗೆ ಊರೇ ಹಳೇ ಪಂಚಾಂಗ ಇಟ್ಟುಕೊಂಡು ಮುಹೂರ್ತ ನೋಡುವಾಗ ಕಾಫಿ ಅಂಗಡಿಯದ್ದೇನು ದೊಡ್ಡ ಮಾತು? ನಾನು 2011ರ ಅಂಕಿಗೆ ವರ್ಷಕ್ಕಿಷ್ಟು ಅಂತ ಕೂಡಿಸಿದೆ. ಉತ್ತರದಲ್ಲಿ ದಶಮಾಂಶದ ಆಚೆ ಎರಡು ಅಂಕಿ ಉಳಿಸಿಕೊಂಡೆ. ಅದರಿಂದ ಒಂದು ಘನತೆ ಬರುತ್ತದೆ.

ಆಮೇಲೆ ಸರ್ವೆ. ಆಫೀಸಿನವರಿಗೆಲ್ಲ ಪುಕ್ಕಟೆ ಕಾಫಿ ಕೊಟ್ಟು, "ನಮ್ಮ ಕಾಫಿ ಇಷ್ಟವಾಯಿತಾ?" ಅಂತ ಕೇಳಿದೆವು. ಕೇಳಿದವರು ಎಚ್‌ಆರ್. ಇಷ್ಟವಾಗದೆ ಇರುತ್ತದೆಯೇ? ಇದಕ್ಕೆ ಕೋಕಾಕೋಲಾದವರೇ ದೊಡ್ಡ ಗುರುಗಳು. 1985ರಲ್ಲಿ ಹೊಸ ರುಚಿಯ ಕೋಕ್ ತರುವ ಮೊದಲು ಸುಮಾರು 2 ಲಕ್ಷ ಜನರಿಗೆ ಗುಟುಕು ಕುಡಿಸಿ ಕೇಳಿದ್ದರು. ಹೊಸದೇ ಚೆನ್ನಾಗಿದೆ ಅಂದವರೇ ಜಾಸ್ತಿ. ತಂದರು. ಜನ ಫೋನ್ ಮಾಡಿ ಬೈದರು. 79 ದಿನಕ್ಕೆ ಹಳೇ ಕೋಕ್ ವಾಪಸ್. ಹೊಸ ಸೊಸೆ ಹೇಗಿದ್ದಾಳೆ ಅಂತ ಕೇಳಿದರೆ ಚೆನ್ನಾಗಿದ್ದಾಳೆ ಅನ್ನುತ್ತಾರಪ್ಪ. ಅದಕ್ಕೆ ಅಮ್ಮನನ್ನು ಮನೆಯಿಂದ ಕಳಿಸಬಹುದು ಅಂತ ಅರ್ಥವಾ?

ಎದುರಾಳಿಗಳ ಅಧ್ಯಯನ ಅಂತ ಒಂದು ಭಾಗ ಇತ್ತು. ನಾನೂ ಕನ್ಸಲ್ಟೆಂಟರೂ ಜಯನಗರದ ಒಂದು ದರ್ಶಿನಿಗೆ ಹೋದೆವು. ಮಾಲೀಕರು ಗಲ್ಲಾದಲ್ಲಿ ಕೂತು ಟೋಕನ್ ಹರಿದು ಕೊಡುತ್ತಿದ್ದರು. ಮಧ್ಯೆ ಒಂದು ಸಲ ಕತ್ತು ಚಾಚಿ ಆಕಾಶ ನೋಡಿದರು. "ಬಜ್ಜಿ ಹಿಟ್ಟು ಇನ್ನೊಂದು ಬಕೆಟ್ ಕಲಸ್ಕೊಳ್ರೋ" ಅಂತ ಒಳಗೆ ಕೂಗಿದರು. ಎಂಜಲು ತಟ್ಟೆ ಹೊತ್ತು ಹೋಗುತ್ತಿದ್ದ ಹುಡುಗನನ್ನು ನಿಲ್ಲಿಸಿ, "ಯಾಕೋ ಎಲ್ರೂ ಪಲ್ಯ ಬಿಡ್ತಾವ್ರೆ?" ಅಂತ ವಿಚಾರಿಸಿದರು. ಹತ್ತು ನಿಮಿಷದಲ್ಲಿ ಮಳೆ ಬಂತು. ಜನ ಒಳಗೆ ನುಗ್ಗಿದರು. ಬಜ್ಜಿ ಬಿಸಿಯಾಗಿತ್ತು. ಕನ್ಸಲ್ಟೆಂಟರು ಎರಡು ಪ್ಲೇಟು ತಿಂದು ಕೈ ಒರೆಸಿಕೊಂಡು, "ಅಸಂಘಟಿತ ವಲಯ. ಮಾಹಿತಿ ಆಧರಿಸಿ ನಿರ್ಧಾರ ಮಾಡುವ ವ್ಯವಸ್ಥೆ ಇಲ್ಲ" ಅಂತ ಲ್ಯಾಪ್‌ಟಾಪಿನಲ್ಲಿ ಬರೆದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ಎಂಟಿಆರ್‌ನವರು ರವೆಯಲ್ಲೇ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಅನ್ನುತ್ತಾರೆ. ಅಕ್ಕಿ ಇಲ್ಲ, ರವೆ ಇದೆ. ಇದ್ದ ಮಾಹಿತಿ ಎರಡೇ ಸಾಲು. ನಮ್ಮ ಕಂಪನಿಯಾಗಿದ್ದರೆ ಅಕ್ಕಿ ಇಲ್ಲ ಅನ್ನುವುದನ್ನು ಒಪ್ಪಿಕೊಳ್ಳಲು ಒಂದು ಕಮಿಟಿ, ರವೆ ಅಕ್ಕಿಯಲ್ಲ ಅಂತ ಖಚಿತಪಡಿಸಲು ಇನ್ನೊಂದು. ಅಷ್ಟರಲ್ಲಿ ಯುದ್ಧ ಮುಗಿದಿರುತ್ತಿತ್ತು.

ಸಿಲ್ಕ್ ಬೋರ್ಡಿನ ಮಳಿಗೆ ನೋಡಲು ಹೋದ ದಿನ ಆ ಕಟ್ಟಡದ ಸೆಕ್ಯುರಿಟಿಯವರ ಹತ್ತಿರ ಮಾತಾಡಿದೆ. ರಾಯಚೂರು ಕಡೆಯವರು. ಇಲ್ಲಿ ವ್ಯಾಪಾರ ಹೇಗೆ ಅಂದೆ. "ಇಲ್ಲಿ ಗಾಡಿ ನಿಂದರ್ತಾವ್ರೀ ಸರ, ಮಂದಿ ಇಳಿಯಂಗಿಲ್ಲ. ಇಳದ್ರ ಗಾಡಿ ಯಾರ್ ಕಾಯ್ಬೇಕ್ರಿ?" ಅಂದರು. ಇದನ್ನು ರಿಪೋರ್ಟಿನಲ್ಲಿ ಎಲ್ಲಿ ಹಾಕುವುದು ಅಂತ ಗೊತ್ತಾಗಲಿಲ್ಲ. ಅಭಿಪ್ರಾಯ ಕೊಟ್ಟವರು ಒಬ್ಬರೇ, ಸ್ಯಾಂಪಲ್ ಸಾಲದು ಅಂದರು ಕನ್ಸಲ್ಟೆಂಟರು. ಎಂಡಿಯವರೂ ಒಬ್ಬರೇ ಅಲ್ವಾ ಅಂತ ಕೇಳಲಿಲ್ಲ. ಫೆಬ್ರವರಿ.

ರಿಪೋರ್ಟು 112 ಪುಟ ಆಯಿತು. ಗ್ರಾಫನ್ನು ಸೊನ್ನೆಯಿಂದ ಶುರು ಮಾಡದೆ ಬುಡ ಕತ್ತರಿಸಿ ಹಾಕಿದೆ. ಹಾಗೆ ಮಾಡಿದರೆ ಸಣ್ಣ ಉಬ್ಬೂ ನಂದಿ ಬೆಟ್ಟ. ಎಂಡಿಯವರು ಕೊನೆಯ ಪುಟ ಮಾತ್ರ ತಿರುಗಿಸಿ, "ನೋಡಿ, ನಾನು ಹೇಳಲಿಲ್ಲ. ಡೇಟಾ ಹೇಳ್ತು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಸಂಜೆ ಅಕೌಂಟ್ಸ್ ಮೇಡಂ ಹತ್ತಿರ ಖರ್ಚಿನ ಬಿಲ್ಲು ಹುಡುಕುತ್ತಿದ್ದೆ. ಫೈಲಿನಲ್ಲಿ ಆ ಮಳಿಗೆಯ ಅಡ್ವಾನ್ಸ್ ರಸೀದಿ ಸಿಕ್ಕಿತು. ತಾರೀಕು ನೋಡಿದೆ. ನನಗೆ ಅಧ್ಯಯನ ಮಾಡು ಅಂತ ಮೇಲ್ ಬರುವುದಕ್ಕೆ ಮೂರು ವಾರ ಮುಂಚಿನದು. "ಇದೇನ್ ಮೇಡಂ?" ಅಂದೆ. ಮೇಡಂ ತಲೆ ಎತ್ತಲಿಲ್ಲ. "ಕಟ್ಟಡ ಸಾಹೇಬರ ಷಡ್ಡಕರದ್ದು. ಎರಡು ವರ್ಷದಿಂದ ಖಾಲಿ ಬಿದ್ದಿತ್ತು, ಪಾಪ" ಅಂದರು. ಹೂ ಬಲಗಡೆ ಸಡಿಲವಾಗಿತ್ತು. ನಾನು ಮಂಗಳಾರತಿ ಮಾಡಿದ್ದು ಅಷ್ಟೇ.

ಅಂಗಡಿ ತೆರೆಯಿತು. ಕಾಫಿ ನಿಜಕ್ಕೂ ಚೆನ್ನಾಗಿತ್ತು, ಅದರ ಬಗ್ಗೆ ಸುಳ್ಳು ಹೇಳಬಾರದು. ಮೊದಲ ದಿನ 11 ಲೋಟ ಹೋಯಿತು. ಅದರಲ್ಲಿ ನಾಲ್ಕು ನಾವೇ ಕುಡಿದದ್ದು, ಎರಡು ಸೆಕ್ಯುರಿಟಿಯವರಿಗೆ ಕೊಟ್ಟದ್ದು. ರಸ್ತೆಯಲ್ಲಿ ಸಾವಿರಾರು ಗಿರಾಕಿಗಳು ಗಾಜಿನ ಆಚೆಯಿಂದ ನಮ್ಮ ಹಬೆಯಾಡುವ ಲೋಟದ ಬೋರ್ಡನ್ನು ನೋಡುತ್ತಿದ್ದರು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ. ಒಂದು ಆಟೋದವರು ಮಾತ್ರ ಸಿಗ್ನಲ್‌ನಲ್ಲೇ ಇಳಿದು ಓಡಿ ಬಂದರು. ಶೌಚಾಲಯ ಇದೆಯಾ ಅಂತ ಕೇಳಿದರು.

ಆರು ತಿಂಗಳಿಗೆ ರಿವ್ಯೂ ಮೀಟಿಂಗ್. ಯಾರ ತಪ್ಪು ಅಂತ ಪ್ರಶ್ನೆ ಬಂತು. ಷಡ್ಡಕರದ್ದು ಅನ್ನುವಂತಿಲ್ಲ. ಹೊಣೆ ಎಕ್ಸೆಲ್ ಮೇಲೆ ಬಿತ್ತು. ಎಕ್ಸೆಲ್‌ಗೆ ಇದು ಹೊಸದಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಕೇಸು ಲೆಕ್ಕದಿಂದ ಬಿಟ್ಟುಹೋದಾಗ ಸಿಕ್ಕಿಬಿದ್ದದ್ದು ಹಳೇ ಮಾದರಿಯ ಎಕ್ಸೆಲ್ ಫೈಲು. 65,536 ಸಾಲು ತುಂಬಿದ ಮೇಲೆ ಅದರಲ್ಲಿ ಜಾಗವೇ ಇರಲಿಲ್ಲ. ನಮ್ಮ ಫೈಲಿನಲ್ಲಿ ಇದ್ದದ್ದು 200 ಸಾಲು. ಆದರೂ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಅಂಗಡಿ ಮುಚ್ಚುವ ಮಾತು ಯಾರೂ ಎತ್ತಲಿಲ್ಲ. ಅಳತೆಗೋಲು ಬದಲಾಯಿತು. ಕಾಫಿ ಎಷ್ಟು ಹೋಯಿತು ಅನ್ನುವ ಕಾಲಂ ತೆಗೆದು, ನಮ್ಮ ಬೋರ್ಡು ಎಷ್ಟು ಜನರ ಕಣ್ಣಿಗೆ ಎಷ್ಟು ನಿಮಿಷ ಬಿತ್ತು ಅನ್ನುವ ಕಾಲಂ ಹಾಕಿಸಿದರು. ಡ್ಯಾಶ್‌ಬೋರ್ಡ್ ಒಂದೇ ರಾತ್ರಿಗೆ ಹಸಿರಾಯಿತು. ಕಿಟಕಿಯ ಆಚೆ ಸಿಗ್ನಲ್ ಕೆಂಪು ಇದ್ದಷ್ಟೂ ಒಳಗೆ ನಮ್ಮದು ಹಸಿರು. ನನಗೆ ಬೋನಸ್ ಬಂತು. ವಾಪಸ್ ಕೊಡಲಿಲ್ಲ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಬಿಟ್ಟರು. ಸಿಲ್ಕ್ ಬೋರ್ಡಿನಲ್ಲೂ ಸ್ಟೇಷನ್. ಒಂದಷ್ಟು ಜನ ಗಾಡಿ ಬಿಟ್ಟು ಮೇಲಿಂದ ಹೋಗತೊಡಗಿದರು. ನಮ್ಮ ಡ್ಯಾಶ್‌ಬೋರ್ಡಿನ ಒಂದು ಮೂಲೆ ಹಳದಿಗೆ ತಿರುಗಿತು. ಶುಕ್ರವಾರ ಸಂಜೆ ತುರ್ತು ಮೀಟಿಂಗ್ ಕರೆದರು. ಅದಕ್ಕೆ ಹೊರಟವರೆಲ್ಲ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ ತಡವಾಗಿ ಬಂದರು. ಕನ್ಸಲ್ಟೆಂಟರು ನಾಲ್ಕು ಚೌಕ ಬರೆದರು. ನಮ್ಮ ಬಲ, ನಮ್ಮ ದೌರ್ಬಲ್ಯ, ಅವಕಾಶ, ಅಪಾಯ. ಅಪಾಯದ ಚೌಕದಲ್ಲಿ ಕೆಂಪು ಇಂಕಿನಲ್ಲಿ "ಬೆಂಗಳೂರಿನ ಟ್ರಾಫಿಕ್ ಸುಧಾರಿಸಬಹುದು" ಅಂತ ಬರೆದರು. ಸಾಹೇಬರ ಮುಖ ಸಪ್ಪಗಾಯಿತು.

"ಸಾಧ್ಯತೆ ಎಷ್ಟು?" ಅಂದರು.

ನಾನು ಲ್ಯಾಪ್‌ಟಾಪ್ ತೆರೆಯಲು ಹೋದೆ. ಅಕೌಂಟ್ಸ್ ಮೇಡಂ ಕೈ ಅಡ್ಡ ಹಿಡಿದು, "ಅದಕ್ಕೆಲ್ಲ ಡೇಟಾ ಬೇಡ ಬಿಡಿ" ಅಂದರು. ಎಲ್ಲರಿಗೂ ಸಮಾಧಾನವಾಯಿತು. ಸಮೋಸ ಬಂತು.