ಲೇಬಲ್ ಇಲ್ಲದ ಚಾರ್ಜರ್‌ಗಳನ್ನು ಅಂಗಡಿಯಲ್ಲೇ ಜಪ್ತಿ ಮಾಡಬೇಕೇ?

ಪರ

ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ, ಉಡುಪಿಯ ಬಸ್‌ಸ್ಟ್ಯಾಂಡ್ ಹತ್ತಿರವಾಗಲಿ, ಅಗ್ಗದ ಚಾರ್ಜರ್ ಕೊಳ್ಳುವಾಗ ಅದರ ಮೈಮೇಲೆ ಏನು ಬರೆದಿದೆ ಎಂದು ನೋಡುವವರು ಕಡಿಮೆ. ನೋಡಲೇಬೇಕು. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಗುರುತು, ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಇವಿಲ್ಲದೆ ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್ ಮಾರುವ ಹಾಗಿಲ್ಲ. ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳಲು ನಂಬರ್ ಬೇಕು ಎನ್ನುತ್ತವೆ ಪೊಟ್ಟಣದಲ್ಲಿ ಮಾರುವ ಸರಕುಗಳ 2011ರ ನಿಯಮಗಳು.

ಇದು ಬರೀ ಕಾಗದದ ಕೆಲಸ ಅಲ್ಲ. ಚಾರ್ಜರ್ ಒಳಗೆ ಒಂದು ಕಡೆ 230 ವೋಲ್ಟ್, ಇನ್ನೊಂದು ಕಡೆ 5 ವೋಲ್ಟ್. ಎರಡರ ನಡುವೆ ಸಾಕಷ್ಟು ಜಾಗ ಬಿಡದೆ, ಇನ್ಸುಲೇಶನ್‌ನಲ್ಲಿ ಕಂಜೂಸು ಮಾಡಿದರೆ ಕರೆಂಟು ಫೋನ್ ಹಿಡಿದ ಕೈಗೇ ಬರಬಹುದು. ನಮ್ಮ ಮಳೆಗಾಲದ ತೇವದಲ್ಲಿ ಆ ಅಪಾಯ ಇನ್ನೂ ಜಾಸ್ತಿ. ನೋಂದಣಿಗೆ ಮೊದಲು ಲ್ಯಾಬ್‌ನಲ್ಲಿ ಪರೀಕ್ಷಿಸುವುದು ಇಂಥದ್ದನ್ನೇ. ಮಕ್ಕಳು ಚಾರ್ಜಿಗೆ ಹಾಕಿದ ಫೋನನ್ನೇ ಹಿಡಿದು ಆಡುತ್ತಾರೆ ಅಲ್ವಾ? ಹಾಗಿರುವಾಗ ಸುಮ್ನೆ ಎಚ್ಚರಿಕೆ ಕೊಟ್ಟು ಬಿಟ್ಟರೆ ಅದೇ ಮಾಲು ನಾಳೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಜಪ್ತಿ ಆಗಲೇಬೇಕು.

ವಿರೋಧ

ಜಪ್ತಿ ಮಾಡಿದರೆ ನಷ್ಟ ಯಾರಿಗೆ? ರೀಚಾರ್ಜ್ ಮಾಡಿ, ಕವರ್ ಮಾರಿ ಬದುಕುವ ಸಣ್ಣ ಅಂಗಡಿಯವನಿಗೆ. ನೋಂದಣಿ ಮಾಡಿಸಬೇಕಾದವನು ತಯಾರಕ. ಆದರೆ 2016ರ ಬಿಐಎಸ್ ಕಾಯ್ದೆ, ಮಾಲು ತಯಾರಿಸಿದವನ ಜೊತೆ ಮಾರಿದವನನ್ನೂ ಹಿಡಿಯುತ್ತದೆ. ಮೊದಲ ತಪ್ಪಿಗೇ ಕನಿಷ್ಠ 2 ಲಕ್ಷ ರೂಪಾಯಿ ದಂಡ ಎಂದು ಅದರಲ್ಲಿ ಬರೆದರು. ಅಷ್ಟು ಹಣ ಇಂಥ ಅಂಗಡಿಯನ್ನೇ ಮುಚ್ಚಿಸುತ್ತದೆ.

ಲೇಬಲ್ ಇದ್ದ ಮಾತ್ರಕ್ಕೆ ಮಾಲು ಒಳ್ಳೆಯದು ಎಂದೂ ಅಲ್ಲ. ಒಳ್ಳೆಯ ಚಾರ್ಜರ್ ಮಾಡುವುದಕ್ಕಿಂತ ಸ್ಟಿಕ್ಕರ್ ಅಚ್ಚು ಹಾಕುವುದು ಸುಲಭ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ, ನಿಜ. ಬೇರೆ ಕಂಪನಿಯ ಅಸಲಿ ನಂಬರನ್ನೇ ಕದ್ದು ಅಚ್ಚು ಹಾಕಿದ್ದರೆ? ಇನ್ನು ದುಬೈಯಿಂದ ಬಂದವರು ತಂದ ಒಳ್ಳೆಯ ಚಾರ್ಜರ್‌ನಲ್ಲಿ ನಮ್ಮ ಗುರುತು ಇಲ್ಲದಿರಬಹುದು. ಕರಾವಳಿಯಲ್ಲಿ ಅಂಥವು ಮನೆಮನೆಯಲ್ಲಿವೆ. ಗುರುತು ಇಲ್ಲ ಎಂದ ಕೂಡಲೇ ಅವು ಅಪಾಯ ಎನ್ನಲಾಗದು.

ತಪಾಸಣೆ ಬೇಡ ಎನ್ನುತ್ತಿಲ್ಲ. ಅದು ಬಂದರಿನಿಂದ, ಗೋದಾಮಿನಿಂದ, ಹೋಲ್‌ಸೇಲ್ ವ್ಯಾಪಾರಿಯಿಂದ ಶುರುವಾಗಲಿ. ಅಂಗಡಿಯವನು ಖರೀದಿ ಬಿಲ್ ತೋರಿಸಿದರೆ ಅವನನ್ನು ಬಿಟ್ಟು, ಅಧಿಕಾರಿಗಳು ಆ ಬಿಲ್‌ನಲ್ಲಿರುವ ವಿಳಾಸಕ್ಕೆ ಹೋಗಲಿ.